ಕ್ರಿಸ್‌ಮಸ್‌ಗೆ ನಾಲ್ಕು ರಾತ್ರಿಯ ತಂಗುದಾಣ: ಮನೆಯಿಲ್ಲದ ಹುಡುಗ ಹುಡುಗಿಯರೇ ನಡೆಸುವಂತೆ ಕಟ್ಟುವುದು ಹೇಗೆ?

ನವೆಂಬರ್ ಬಂತೆಂದರೆ ಒಂದೇ ಪ್ರಶ್ನೆ ಬೇರೆ ಬೇರೆಯವರಿಂದ ಬರುತ್ತದೆ. "ಶಿವಮೊಗ್ಗ ಬಸ್‌ಸ್ಟ್ಯಾಂಡಿನಲ್ಲಿ ಮಲಗುವವರಿಗೆ ಕ್ರಿಸ್‌ಮಸ್ ರಾತ್ರಿ ಕಂಬಳಿ ಹಂಚುತ್ತೇವೆ. ಅದಕ್ಕಿಂತ ಜಾಸ್ತಿ ಏನಾದರೂ ಮಾಡಬಹುದಾ?" ಮಾಡಬಹುದು. ಡಿಸೆಂಬರ್ 23ರಿಂದ 26ರವರೆಗೆ ನಾಲ್ಕು ರಾತ್ರಿ ಒಂದು ಹಾಲ್ ತೆರೆಯಿರಿ. ಬಾಗಿಲಲ್ಲಿ ನಿಲ್ಲುವುದು, ಹಾಸಿಗೆ ಹಾಸುವುದು, ಬಡಿಸುವುದು, ನಿಯಮ ಮಾಡುವುದು, ಇದೆಲ್ಲ ಹೊರಗೆ ಮಲಗಿ ಗೊತ್ತಿರುವ ಯುವಜನರ ಕೈಯಲ್ಲಿರಲಿ. ನೀವು ಅವರ ಹಿಂದೆ ನಿಲ್ಲಿ.

ಲಂಡನ್ನಿನಲ್ಲಿ ಕ್ರೈಸಿಸ್ ಎಂಬ ಸಂಸ್ಥೆ ದಶಕಗಳಿಂದ ಕ್ರಿಸ್‌ಮಸ್ ಸಮಯಕ್ಕೆ ಇಂಥ ತಂಗುದಾಣ ನಡೆಸುತ್ತಾ ಬಂದಿದೆ. ಅಲ್ಲಿನ ಹಿಮ, ಅಲ್ಲಿನ ದುಡ್ಡು ನಮ್ಮಲ್ಲಿಲ್ಲ. ಆದರೆ ಡಿಸೆಂಬರ್ ಕೊನೆಯಲ್ಲಿ ಶಿವಮೊಗ್ಗದ ರಾತ್ರಿಯೂ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಚಳಿ ಇನ್ನೂ ಜಾಸ್ತಿ, ಮೇಲೆ ಇಬ್ಬನಿ ಬೇರೆ. ತೆಳು ಲುಂಗಿ ಹೊದ್ದು ಸಿಮೆಂಟಿನ ಮೇಲೆ ಮಲಗುವವರಿಗೆ ಅಷ್ಟು ಚಳಿ ಸಾಕು.

ಈ ಲೇಖನ ಹತ್ತಿಪ್ಪತ್ತು ಜನಕ್ಕೆ ಜಾಗ ಮಾಡಬಲ್ಲ ಸಣ್ಣ ಗುಂಪುಗಳಿಗಾಗಿ: ಚರ್ಚಿನ ಯುವಕ ಸಂಘ, ಕಾಲೇಜಿನ ಎನ್‌ಎಸ್‌ಎಸ್ ಘಟಕ, ಬಡಾವಣೆಯ ಗೆಳೆಯರ ಬಳಗ, ಯಾರಾದರೂ ಸರಿ.

1. ಮೊದಲು ತಂಡ, ಆಮೇಲೆ ಜಾಗ

ಸಾಮಾನ್ಯವಾಗಿ ಎಲ್ಲರೂ ಉಲ್ಟಾ ಮಾಡುತ್ತಾರೆ. ಹಾಲ್ ಹಿಡಿದು, ಬ್ಯಾನರ್ ಮಾಡಿಸಿ, ಕೊನೆಗೆ "ನಾಲ್ಕು ಹುಡುಗರನ್ನು ಕೆಲಸಕ್ಕೆ ಕರೆಯಿರಿ" ಅನ್ನುತ್ತಾರೆ. ಆಗ ಆ ಹುಡುಗರು ಕುರ್ಚಿ ಎತ್ತುವವರಾಗುತ್ತಾರೆ, ಅಷ್ಟೇ.

ನವೆಂಬರ್ ಮೊದಲ ವಾರದಲ್ಲೇ ಆರರಿಂದ ಎಂಟು ಜನರನ್ನು ಹುಡುಕಿ. ಎಲ್ಲಿ? ಕೆಎಸ್‌ಆರ್‌ಟಿಸಿ ಮತ್ತು ಖಾಸಗಿ ಬಸ್‌ಸ್ಟ್ಯಾಂಡ್, ರೈಲ್ವೆ ಸ್ಟೇಷನ್, ಮೆಗ್ಗಾನ್ ಆಸ್ಪತ್ರೆಯ ಸುತ್ತಮುತ್ತ, ಗಾಂಧಿ ಬಜಾರಿನ ಅಂಗಡಿ ಜಗಲಿಗಳು. ರಾತ್ರಿ ಹತ್ತರ ಮೇಲೆ ಹೋಗಿ, ಕೈಯಲ್ಲಿ ಏನೂ ಹಂಚಲು ಹಿಡಿದುಕೊಳ್ಳಬೇಡಿ, ಚಹಾ ಕುಡಿಯುತ್ತಾ ಮಾತಾಡಿ. ಮೂರ್ನಾಲ್ಕು ಸಲ ಮುಖ ಕಂಡ ಮೇಲೆಯೇ ವಿಷಯ ಎತ್ತಿ.

ನಿಮಗೆ ಸಿಗುವವರು ಹೆಚ್ಚಾಗಿ ಮೂರು ಬಗೆಯವರು. ಅಡಿಕೆ ಕೊಯ್ಲಿಗೋ ಕಾಫಿ ತೋಟಕ್ಕೋ ಬಂದು, ಕೆಲಸ ಬಿಟ್ಟು ಊರಿಗೂ ಹೋಗದೆ ಉಳಿದವರು. ಮಕ್ಕಳ ಪಾಲನಾ ಸಂಸ್ಥೆಯಿಂದ 18 ತುಂಬಿ ಹೊರಬಂದವರು. ಮತ್ತೆ ಕೇಟರಿಂಗ್ ಹುಡುಗರು. ಈ ಮೂರನೆಯವರ ಬಗ್ಗೆ ಸ್ವಲ್ಪ ಹೇಳಬೇಕು. ಮದುವೆ ಸೀಸನ್ನಿನಲ್ಲಿ ಬಡಿಸಲು ಹೋದ ಛತ್ರದಲ್ಲೇ ಇವರ ಊಟ, ನಿದ್ದೆ ಎಲ್ಲ ಮುಗಿಯುತ್ತದೆ. ಡಿಸೆಂಬರ್ ನಡುವಿಗೆ ಧನುರ್ಮಾಸ ಶುರುವಾದರೆ ಮದುವೆ ನಿಲ್ಲುತ್ತವೆ. ಸಂಬಳವೂ ನಿಂತಿತು, ತಲೆ ಮೇಲಿನ ಸೂರೂ ಹೋಯಿತು. ಅಂದರೆ ಕ್ರಿಸ್‌ಮಸ್ ವೇಳೆಗೆ ಅವರ ಕೈ ಖಾಲಿ, ಜೇಬೂ ಖಾಲಿ. ಐನೂರು ಜನಕ್ಕೆ ಬಡಿಸಿ ಗೊತ್ತಿರುವ, ಯಾವ ಪಾತ್ರೆಯಲ್ಲಿ ಎಷ್ಟು ಸಾರು ಹಿಡಿಯುತ್ತದೆ ಎಂದು ಕಣ್ಣಳತೆಯಲ್ಲೇ ಹೇಳುವ ಈ ಹುಡುಗರಿಗಿಂತ ಒಳ್ಳೆಯ ಕೈ ನಿಮಗೆ ಸಿಗುವುದಿಲ್ಲ.

ಮೊದಲ ಸಭೆಯಲ್ಲೇ ಈ ಮಾತುಗಳು ಖಚಿತವಾಗಬೇಕು:

- ತಂಡದಲ್ಲಿ 18 ತುಂಬಿದವರು ಮಾತ್ರ. ಅದಕ್ಕಿಂತ ಚಿಕ್ಕವರನ್ನು ಕೆಲಸಕ್ಕೆ ಹಚ್ಚಬೇಡಿ, ಎಷ್ಟೇ ಚುರುಕಾಗಿದ್ದರೂ.
- ಆ ನಾಲ್ಕೂ ದಿನ ತಂಡದವರಿಗೇ ಮೊದಲು ಮಲಗಲು ಜಾಗ, ಮೂರು ಹೊತ್ತು ಊಟ, ಓಡಾಟದ ಖರ್ಚು. ರಾತ್ರಿ ಪಾಳಿ ಮಾಡಿದವರಿಗೆ ಹಗಲು ನಿದ್ದೆ ಮಾಡಲು ಬೇರೆ ಕೋಣೆ.
- ಯಾರಿಗಾದರೂ ನಡುವೆ ಕೂಲಿ ಸಿಕ್ಕರೆ ಹೋಗಬಹುದು. ಬೇಸರ ಬೇಡ. ಅದಕ್ಕೇ ಬೇಕಾದ್ದಕ್ಕಿಂತ ಇಬ್ಬರು ಹೆಚ್ಚಿರಲಿ.
- ದುಡ್ಡಿನ ಲೆಕ್ಕ ಅವರ ಕಣ್ಣೆದುರೇ ಇರಲಿ. ಎಷ್ಟು ದೇಣಿಗೆ ಬಂತು, ಯಾವುದಕ್ಕೆ ಹೋಯಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಅಡುಗೆಮನೆಯಲ್ಲೇ ಇಡಿ.
- ಫೋಟೋ ಇಲ್ಲ. ಬಂದವರದ್ದೂ ಇಲ್ಲ, ತಂಡದವರದ್ದೂ ಇಲ್ಲ.

ಕೊನೆಯದಕ್ಕೆ ದೇಣಿಗೆ ಕೊಟ್ಟವರು ಒಪ್ಪುವುದಿಲ್ಲ ಎಂಬ ಆತಂಕ ನಿಮಗಿರಬಹುದು. ಖಾಲಿ ಹಾಲ್, ಹಾಸಿದ ಹಾಸಿಗೆ, ತೂಗುಹಾಕಿದ ನಕ್ಷತ್ರ ಇವುಗಳ ಫೋಟೋ ಕಳಿಸಿ. ಅದು ಸಾಲದು ಎನ್ನುವವರ ದುಡ್ಡು ಈ ಕೆಲಸಕ್ಕೆ ಒಗ್ಗುವುದಿಲ್ಲ.

2. ಜಾಗ

ಚರ್ಚಿನ ಹಾಲ್ ಸಿಗುತ್ತದೆ ಎಂದು ನಂಬಿಕೊಂಡು ಕೂರಬೇಡಿ. 24ರ ರಾತ್ರಿ ಪೂಜೆ, 25ರ ಕಾರ್ಯಕ್ರಮ ಎಲ್ಲ ಅಲ್ಲೇ ಇರುತ್ತವೆ. ಕ್ರೈಸ್ತ ಸಂಸ್ಥೆಗಳ ಶಾಲೆಗಳಿಗೆ ಆ ವಾರ ರಜೆ ಇರುತ್ತದೆ, ಕೇಳಿ ನೋಡಿ. ಇನ್ನೂ ಒಳ್ಳೆಯದು ಕಲ್ಯಾಣ ಮಂಟಪ. ಧನುರ್ಮಾಸದಲ್ಲಿ ಅದು ಖಾಲಿ ಬಿದ್ದಿರುತ್ತದೆ. ಕರೆಂಟು, ನೀರು, ಕ್ಲೀನಿಂಗ್ ಖರ್ಚಿಗಷ್ಟೇ ಕೊಡುವ ಮಾಲೀಕರು ಸಿಗಬಹುದು. ಅಡುಗೆಮನೆ, ಹಂಡೆ, ಸಾಲು ಶೌಚಾಲಯ, ವಧೂವರರ ಕೋಣೆಗಳು ಎಲ್ಲ ಸಿದ್ಧವಿರುತ್ತವೆ. ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ಹತ್ತಿರ ಇರಲಿ. ಊರಾಚೆ ಇದ್ದರೆ ಜನ ಬರುವುದಿಲ್ಲ.

ಎಷ್ಟು ಜನ ಹಿಡಿಯುತ್ತಾರೆ? ನಗರದ ವಸತಿರಹಿತರ ಆಶ್ರಯ ಕೇಂದ್ರಗಳಿಗೆ ಕೇಂದ್ರ ಸರ್ಕಾರದ ಯೋಜನೆ ಹೇಳಿದ ಅಳತೆ ತಲೆಗೆ ಕನಿಷ್ಠ 50 ಚದರ ಅಡಿ. 30 ಅಡಿ ಅಗಲ, 40 ಅಡಿ ಉದ್ದದ ಹಾಲ್ ಎಂದರೆ 1200 ಚದರ ಅಡಿ, ಅಲ್ಲಿಗೆ 24 ಜನ. ಇಪ್ಪತ್ತೈದನೆಯವರು ಬಂದರೆ ಏನು ಮಾಡುವುದು ಎಂಬುದನ್ನೂ ಈಗಲೇ ಯೋಚಿಸಿ. ಪಾಲಿಕೆಯ ಆಶ್ರಯ ಕೇಂದ್ರದಲ್ಲಿ ಆ ದಿನ ಜಾಗ ಇದೆಯೇ ಎಂದು ಪ್ರತಿ ಸಂಜೆ ಫೋನ್ ಮಾಡಿ ಕೇಳಿಟ್ಟುಕೊಳ್ಳಿ, ಕರೆದೊಯ್ಯಲು ಒಂದು ಆಟೋ ಗೊತ್ತು ಮಾಡಿ.

ಹೆಂಗಸರಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬೇರೆ ಕೋಣೆ, ಬೇರೆ ಶೌಚಾಲಯ ಕಡ್ಡಾಯ. ಎರಡರಲ್ಲಿ ಒಂದು ಇಲ್ಲದಿದ್ದರೂ ಈ ವರ್ಷ ಗಂಡಸರಿಗೆ ಮಾತ್ರ ಎಂದು ಮೊದಲೇ ಹೇಳಿಬಿಡಿ. ಹೆಂಗಸರು ಬಂದರೆ 181 ಸಹಾಯವಾಣಿಗೆ ಕರೆ ಮಾಡಿ ಸುರಕ್ಷಿತ ಜಾಗ ಕೇಳಿ. ಲಿಂಗತ್ವ ಅಲ್ಪಸಂಖ್ಯಾತರು ಬಂದಾಗ ಯಾವ ಕಡೆ ಮಲಗಲು ಇಷ್ಟ ಎಂದು ಅವರನ್ನೇ ಮೆಲ್ಲಗೆ ಕೇಳಿ.

3. ಕಾಗದ ಪತ್ರ

ಇದು ನಿಮ್ಮ ಕೆಲಸ, ಹುಡುಗರದ್ದಲ್ಲ. ಕಚೇರಿಯಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಿಸಿಕೊಳ್ಳುವ ಪಾಡು ಅವರಿಗೆ ಬೇಡ. ಮಹಾನಗರ ಪಾಲಿಕೆಯ ಆಯುಕ್ತರಿಗೆ ಒಂದು ಪತ್ರ, ಆ ಜಾಗ ಬರುವ ಪೊಲೀಸ್ ಠಾಣೆಗೆ ಒಂದು, ಜಾಗದ ಮಾಲೀಕರಿಂದ ಲಿಖಿತ ಒಪ್ಪಿಗೆ ಒಂದು. ಪ್ರತಿ ಪತ್ರದ ನಕಲಿಗೂ ಸೀಲು ಹಾಕಿಸಿಕೊಳ್ಳಿ. ಜವಾಬ್ದಾರರು ಎಂದು ಇಬ್ಬರು ಹಿರಿಯರ ಹೆಸರು, ಫೋನ್ ನಂಬರ್ ಇರಲಿ.

ಠಾಣೆಗೆ ಮುಖತಃ ಹೋಗಿ. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಅದರಡಿ ಹಿಡಿದು ನಿರಾಶ್ರಿತರ ಕೇಂದ್ರಕ್ಕೆ ಕಳಿಸುತ್ತಾರೆ ಎಂಬ ಭಯ ಬೀದಿಯಲ್ಲಿರುವವರಲ್ಲಿ ಗಟ್ಟಿಯಾಗಿದೆ. ಬಾಗಿಲ ಮುಂದೆ ಜೀಪು ನಿಂತರೆ ಸಾಕು, ಅರ್ಧ ಜನ ವಾಪಸ್ ಹೋಗುತ್ತಾರೆ. ಗಸ್ತಿನವರು ಸ್ವಲ್ಪ ದೂರದಲ್ಲೇ ಇರಲಿ, ಬೇಕಾದರೆ ನಾವೇ ಕರೆಯುತ್ತೇವೆ ಎಂದು ವಿನಂತಿಸಿ.

ಒಬ್ಬಂಟಿ ಮಗು ಅಥವಾ 18 ತುಂಬದ ಹುಡುಗ, ಹುಡುಗಿ ರಾತ್ರಿ ಬಂದರೆ? ವಾಪಸ್ ಕಳಿಸಬೇಡಿ. ಊಟ ಕೊಡಿ, ಹೆಂಗಸರ ಕಡೆಯ ಹಿರಿಯರೊಬ್ಬರ ಜೊತೆ ಕೂರಿಸಿ, 1098ಕ್ಕೆ ಕರೆ ಮಾಡಿ. ಇದು ಮಕ್ಕಳ ಸಹಾಯವಾಣಿ. ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಇಂಥ ಮಗು ಕಂಡವರು 24 ಗಂಟೆಯೊಳಗೆ ತಿಳಿಸಲೇಬೇಕು. ಮುಂದಿನದನ್ನು ಮಕ್ಕಳ ಕಲ್ಯಾಣ ಸಮಿತಿ ನೋಡುತ್ತದೆ. ಇದು ಪ್ರತಿ ಜಿಲ್ಲೆಯಲ್ಲೂ ಇರುವ, ಮಕ್ಕಳ ವಿಷಯದಲ್ಲಿ ತೀರ್ಮಾನ ಮಾಡುವ ಅಧಿಕಾರವಿರುವ ಸಮಿತಿ. "ಪಾಪ, ಮಲಗಲಿ, ಬೆಳಿಗ್ಗೆ ನೋಡೋಣ" ಎಂದು ಸುಮ್ನೆ ಇದ್ದುಬಿಡಬೇಡಿ.

4. ನಿಯಮ ಯಾರು ಬರೆಯಬೇಕು?

ತಂಡದವರು. ನೀವು ಬರೆದರೆ ಇಪ್ಪತ್ತು ನಿಯಮ ಆಗುತ್ತವೆ, ಅವರು ಬರೆದರೆ ಐದು. ನಿಮ್ಮದು ಒಂದೇ ಕೆಲಸ: ಜೀವಕ್ಕೆ ಅಪಾಯ ತರುವಂಥದ್ದು ಕಂಡರೆ ತಡೆಯುವುದು.

ಜಾಸ್ತಿ ಚರ್ಚೆ ಆಗುವುದು ಕುಡಿತದ ಬಗ್ಗೆ. "ಕುಡಿದು ಬಂದರೆ ಒಳಗೆ ಬಿಡುವುದಿಲ್ಲ" ಎನ್ನುವುದು ಸುಲಭ. ಆದರೆ ಆ ರಾತ್ರಿ ಚಳಿಯಲ್ಲಿ ಹೊರಗೆ ಬಿದ್ದು ಅಪಾಯ ಮಾಡಿಕೊಳ್ಳುವವರು ಅವರೇ. ಕುಡಿದು ಬರಬಹುದು, ಒಳಗೆ ಕುಡಿಯುವಂತಿಲ್ಲ, ಜಗಳ ಮಾಡುವಂತಿಲ್ಲ ಎಂಬುದು ನಡೆಸಲು ಬರುವ ನಿಯಮ. ಚೀಲ ತಡಕಬೇಡಿ. ಬಾಟಲಿ, ಬ್ಲೇಡು, ಚಾಕು ಇದ್ದರೆ ನೀವೇ ಕೊಡಿ ಎಂದು ಕೇಳಿ, ಕವರಿಗೆ ಹಾಕಿ ನಂಬರ್ ಚೀಟಿ ಕೊಡಿ, ಬೆಳಿಗ್ಗೆ ಹೊರಗೆ ಹೋಗುವಾಗ ವಾಪಸ್ ಕೊಡಿ.

ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಬೆವರು, ಇಲ್ಲದ್ದು ಕಾಣುವುದು, ಫಿಟ್ಸ್ ಬರುವುದು ಎಲ್ಲ ಆಗಬಹುದು. ಇದಕ್ಕೆ ವಿತ್‌ಡ್ರಾಯಲ್ ಅನ್ನುತ್ತಾರೆ, ಪ್ರಾಣಕ್ಕೇ ಕುತ್ತು. ಎರಡನೇ ದಿನ ಹೊರಗೆ ಹೋಗದೆ ಒಳಗೇ ಇದ್ದವರ ಮೇಲೆ ಕಣ್ಣಿಡಿ. ಈ ಲಕ್ಷಣ ಕಂಡರೆ ತಡಮಾಡದೆ 108.

5. ಬಾಗಿಲು

ಇಡೀ ಕೆಲಸದಲ್ಲಿ ಇದಕ್ಕೇ ಹೆಚ್ಚು ಹೊತ್ತು ಕೊಡಿ. ಬಂದವರು ಇರುತ್ತಾರೋ ವಾಪಸ್ ಹೋಗುತ್ತಾರೋ ಎಂಬುದು ಬಾಗಿಲಲ್ಲಿ ಕಳೆಯುವ ಮೊದಲ ಐದು ನಿಮಿಷದಲ್ಲಿ ತೀರ್ಮಾನ ಆಗುತ್ತದೆ.

ಚಪ್ಪಲಿ ವಿಷಯ ನೋಡಿ. ನಮ್ಮ ಯಾವ ಹಾಲಿಗೆ ಹೋದರೂ "ಪಾದರಕ್ಷೆ ಹೊರಗೆ ಬಿಡಿ" ಎಂಬ ಬೋರ್ಡು. ಬಸ್‌ಸ್ಟ್ಯಾಂಡಿನಲ್ಲಿ ಮಲಗುವವರು ಚಪ್ಪಲಿಯನ್ನು ಪೇಪರಿನಲ್ಲಿ ಸುತ್ತಿ ತಲೆದಿಂಬಿನ ಹಾಗೆ ತಲೆಯಡಿ ಇಟ್ಟುಕೊಳ್ಳುತ್ತಾರೆ. ಇಲ್ಲದಿದ್ದರೆ ಬೆಳಿಗ್ಗೆ ಇರುವುದಿಲ್ಲ. ಅಂಥವರಿಗೆ ಚಪ್ಪಲಿ ಹೊರಗೆ ಬಿಡಿ ಅಂದರೆ ಅವರಿಗೆ ನಿದ್ದೆ ಹತ್ತುವುದಿಲ್ಲ. ಹೊರಗೆ ಮಲಗಿ ಬಂದ ಹುಡುಗರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಒಂದು ಕೈಚೀಲ ಕೊಟ್ಟು "ಚಪ್ಪಲಿ ಇದ್ರಲ್ಲಿ ಹಾಕಿ ಪಕ್ಕದಲ್ಲೇ ಇಟ್ಕೊಳ್ಳಿ ಅಣ್ಣ" ಅನ್ನುತ್ತಾರೆ. ಬಂದವರ ಮುಖ ಅಲ್ಲೇ ಸಡಿಲಾಗುತ್ತದೆ.

ಬಾಗಿಲಲ್ಲಿ ಇಬ್ಬರಿರಲಿ, ಇಬ್ಬರೂ ತಂಡದವರೇ. ಮೇಜು ಬೇಡ, ಮೇಜು ಹಾಕಿದರೆ ಆಫೀಸಿನ ಹಾಗಾಗುತ್ತದೆ. ಮೊದಲು ಬಿಸಿ ಲೋಟ ಕೈಗೆ ಕೊಡಿ: ಚಹಾ, ಇಲ್ಲವೇ ಬೆಲ್ಲ ಹಾಕಿದ ಜೀರಿಗೆ ಕಷಾಯ. ಕೂರಿಸಿ. ಆಮೇಲೆ ಹೆಸರು ಕೇಳಿ. ಅವರು ಹೇಳಿದ ಹೆಸರು, ಅಂದಾಜು ವಯಸ್ಸು, ಏನಾದರೂ ಆದರೆ ಯಾರಿಗೆ ತಿಳಿಸಬೇಕು, ಯಾವುದಾದರೂ ಔಷಧಿ ತಗೊಳ್ಳುತ್ತೀರಾ. ಇಷ್ಟು ಸಾಕು. ಆಧಾರ್ ಕೇಳಬೇಡಿ. ಊರು, ಜಾತಿ, ಮನೆ ಬಿಟ್ಟ ಕಾರಣ ಇವನ್ನು ಯಾರೂ ಕೇಳಕೂಡದು. ದೊಡ್ಡವರನ್ನು ಅಣ್ಣ, ಅಕ್ಕ, ಅಜ್ಜ, ಅಮ್ಮ ಎಂದು ಬಹುವಚನದಲ್ಲೇ ಮಾತಾಡಿಸಿ. ಬೀದಿಯಲ್ಲಿ ಇಡೀ ದಿನ ಏಕವಚನ ಕೇಳಿಸಿಕೊಂಡೇ ಬಂದಿರುತ್ತಾರೆ.

ಮೊಬೈಲ್ ಚಾರ್ಜಿಂಗಿಗೆ ಸಾಕಷ್ಟು ಪ್ಲಗ್ ಇರಲಿ, ಕಳುವಾಗದ ಹಾಗೆ ಒಬ್ಬರು ಪಕ್ಕದಲ್ಲೇ ಕೂರಲಿ. ಊಟಕ್ಕಿಂತ ಮುಂಚೆ ಚಾರ್ಜರ್ ಕೇಳುವವರೇ ಜಾಸ್ತಿ, ಏಕೆಂದರೆ ಮಾರನೇ ದಿನದ ಕೂಲಿ ಫೋನಿನಲ್ಲೇ ಗೊತ್ತಾಗಬೇಕು. ನಾಯಿ ಕರೆತಂದವರಿಗೆ ಜಗಲಿಯಲ್ಲಿ ಗೋಣಿಚೀಲ ಹಾಸಿ ನಾಯಿಗೂ ಜಾಗ ಮಾಡಿ. ನಾಯಿ ಬಿಟ್ಟು ಅವರು ಒಳಗೆ ಬರುವುದಿಲ್ಲ.

6. ಹಾಸಿಗೆ ಮತ್ತು ಬೆಚ್ಚಗಿರುವುದು

ನೆಲದ ತಂಡಿ ಕೆಳಗಿನಿಂದಲೇ ಏರುತ್ತದೆ. ಹೊದೆಯಲು ಎರಡು ಕಂಬಳಿ ಕೊಟ್ಟು ಅಡಿಗೆ ಬರೀ ಚಾಪೆ ಹಾಕಿದರೆ ಪ್ರಯೋಜನವಿಲ್ಲ. ಮೊದಲು ಬಿಡಿಸಿದ ರಟ್ಟಿನ ಪೆಟ್ಟಿಗೆ, ಅದರ ಮೇಲೆ ಚಾಪೆ, ಆಮೇಲೆ ಜಮಖಾನ. ಎರಡು ಹಾಸಿಗೆ ನಡುವೆ ಒಬ್ಬರು ನಡೆದು ಹೋಗುವಷ್ಟು ಜಾಗ ಬಿಡಿ. ತಲೆ ಗೋಡೆ ಕಡೆಗಿರಲಿ. ಬಯಲಲ್ಲಿ ಮಲಗಿ ಅಭ್ಯಾಸವಾದವರಿಗೆ ಬೆನ್ನ ಹಿಂದೆ ಗೋಡೆ ಇದ್ದರೆ ಧೈರ್ಯ. ಪೂರ್ತಿ ಲೈಟ್ ಆರಿಸಬೇಡಿ, ಶೌಚಾಲಯದ ದಾರಿಗೆ ಒಂದು ಸಣ್ಣ ಬಲ್ಬು ಉರಿಯುತ್ತಿರಲಿ.

ದೊಡ್ಡ ಎಚ್ಚರಿಕೆ ಒಂದಿದೆ. ಮಲೆನಾಡಿನವರಿಗೆ ಚಳಿ ಅಂದರೆ ಅಗ್ಗಿಷ್ಟಿಕೆ ನೆನಪಾಗುತ್ತದೆ. ಬಾಗಿಲು ಹಾಕಿದ ಹಾಲಿನಲ್ಲಿ ಕೆಂಡ ಇಡಲೇಬೇಡಿ. ಉರಿಯುವ ಇದ್ದಿಲಿನಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದೇ ಇಲ್ಲ. ಮೇಲಿನ ಕಿಟಕಿ ತೆರೆದಿಡಿ, ಬೆಂಕಿ ಕಾಯಿಸುವುದೇನಿದ್ದರೂ ಅಂಗಳದಲ್ಲಿ. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದೆ ಎನ್ನುವವರಿಗೆ ಕಿಟಕಿ ಪಕ್ಕ ಹಾಸಿಗೆ, ಒಂದು ಮಾಸ್ಕ್ ಕೊಡಿ. ಮೆಗ್ಗಾನ್‌ನಲ್ಲಿ ಕ್ಷಯದ ಪರೀಕ್ಷೆ ಮಾಡಿಸಲು ಹಬ್ಬ ಮುಗಿದ ಮೇಲೆ ಜೊತೆಗೆ ಹೋಗಿ. ಕ್ಷಯದ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

7. ಊಟ

ಕೇಟರಿಂಗ್ ಹುಡುಗರಿಗೆ ಬಿಟ್ಟುಬಿಡಿ. ತಲೆಗೆ 150 ಗ್ರಾಂ ಅಕ್ಕಿ ಲೆಕ್ಕ ಹಾಕಿ. 24 ಜನ, ತಂಡದ ಹತ್ತು ಜನ ಸೇರಿದರೆ ಒಂದು ಹೊತ್ತಿಗೆ ಐದು ಕಿಲೋ. ಕ್ಯೂ ನಿಲ್ಲಿಸಬೇಡಿ, ಪಂಕ್ತಿ ಹಾಕಿ ಕೂರಿಸಿ ಬಡಿಸಿ, ಎರಡನೇ ಸಲ ಕೇಳಿ ಬಡಿಸಿ. ಸಸ್ಯಾಹಾರ ಬೇರೆ ಪಾತ್ರೆಯಲ್ಲಿರಲಿ. 25ರ ಮಧ್ಯಾಹ್ನ ಕೋಳಿ ಸಾರು, ಅಕ್ಕಿ ರೊಟ್ಟಿ ಮಾಡಿದರೆ ಹಬ್ಬದ ಕಳೆ ಬರುತ್ತದೆ. ಹಲ್ಲಿಲ್ಲದವರಿಗೆ, ಹೊಟ್ಟೆ ಒಣಗಿದವರಿಗೆ ಮೆತ್ತಗಿನ ಗಂಜಿ ಸದಾ ಒಲೆ ಮೇಲಿರಲಿ.

ಕ್ರೈಸ್ತ ಮನೆಗಳಿಂದ ಕುಸ್ವಾರ್ ಬರುತ್ತದೆ, ಅಂದರೆ ನೆವ್ರಿ, ಕಿಡಿಯೊ, ಚಕ್ಕುಲಿಯಂಥ ಹಬ್ಬದ ತಿಂಡಿಗಳ ತಟ್ಟೆ. ಧಾರಾಳವಾಗಿ ಇಸ್ಕೊಳ್ಳಿ. ಕೇಕ್ ತರುವವರಿಗೆ ಮಾತ್ರ ಮೊದಲೇ ಹೇಳಿ: ರಮ್ಮಿನಲ್ಲಿ ನೆನೆಸಿದ ಹಣ್ಣಿನ ಕೇಕ್ ಬೇಡ. ಕುಡಿತ ಬಿಡಲು ಒದ್ದಾಡುತ್ತಿರುವವರಿಗೆ ಆ ವಾಸನೆಯೇ ಸಾಕು.

8. ಹಬ್ಬ

ಅಲಂಕಾರ ತಂಡದವರ ಕೈಯಲ್ಲೇ ಆಗಲಿ. ಬಿದಿರು ಸೀಳಿ, ಬಣ್ಣದ ಕಾಗದ ಅಂಟಿಸಿ ಮಾಡಿದ ನಕ್ಷತ್ರ ಬಾಗಿಲಿಗೆ ಕಟ್ಟಿದರೆ ದೂರದಿಂದ ಗುರುತೂ ಆಗುತ್ತದೆ. ಸಂಜೆಯಿಂದ ಬಂದವರೂ ಕತ್ತರಿ, ಗೋಂದು ಹಿಡಿದು ಕೂರುತ್ತಾರೆ, ಮಾತು ಅಲ್ಲೇ ಶುರುವಾಗುತ್ತದೆ.

ಗೋದಲಿ ಕಟ್ಟುವಾಗ ಹುಷಾರು. ಗೋದಲಿ ಎಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ. ಅದಕ್ಕೆಂದು ಕಾಡಿನಿಂದ ತರಗೆಲೆ, ಪಾಚಿ, ಒಣಹುಲ್ಲು ತರುವ ರೂಢಿ ಇದೆ. ನಮ್ಮ ಜಿಲ್ಲೆಯಲ್ಲಿ ಡಿಸೆಂಬರಿನಿಂದ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಈ ರೋಗ ಮೊದಲು ಗುರುತಾಗಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ, ಉಣುಗು ಇರುವುದು ಇಂಥ ತರಗೆಲೆಯಲ್ಲೇ. ಜನ ನೆಲದಲ್ಲಿ ಮಲಗುವ ಹಾಲಿಗೆ ಅದನ್ನು ತರಬೇಡಿ. ಗೋಣಿಬಟ್ಟೆ, ರಟ್ಟು, ತೆಂಗಿನ ನಾರು ಸಾಕು.

ಊಟಕ್ಕೂ ಪ್ರಾರ್ಥನೆಗೂ ನಂಟು ಹಾಕಬೇಡಿ. 24ರ ರಾತ್ರಿ ಪೂಜೆಗೆ ಹೋಗಬೇಕು ಎನ್ನುವವರಿಗೆ ಜೊತೆ ಕಳಿಸಿ, ಅವರು ತಡವಾಗಿ ಬಂದರೂ ಬಾಗಿಲು ತೆರೆಯಿರಿ. ಉಳಿದವರು ಮಲಗಲಿ. ಕ್ಯಾರಲ್ ಹಾಡಲು ಬರುವವರಿಗೆ ಸಂಜೆ ಏಳರಿಂದ ಎಂಟರ ಸಮಯ ಕೊಡಿ. ಹಾಡಿ ಹೊರಟುಬಿಡುವವರು ಬೇಡ, ಪಂಕ್ತಿಯಲ್ಲಿ ಕೂತು ಉಣ್ಣುವವರು ಬರಲಿ.

9. ರಾತ್ರಿ ಪಾಳಿ

ಸಂಜೆ ಆರರಿಂದ ಹನ್ನೊಂದು, ಹನ್ನೊಂದರಿಂದ ಮೂರು, ಮೂರರಿಂದ ಎಂಟು. ಪ್ರತಿ ಪಾಳಿಗೆ ತಂಡದ ಇಬ್ಬರು, ಹಿರಿಯರು ಒಬ್ಬರು. ಹೆಂಗಸರ ಕೋಣೆ ತೆರೆದಿದ್ದರೆ ಪ್ರತಿ ಪಾಳಿಯಲ್ಲೂ ಒಬ್ಬ ಹೆಣ್ಣುಮಗಳು ಇರಲೇಬೇಕು. ಪಾಳಿ ಬದಲಾಗುವಾಗ ಯಾರಿಗೆ ಜ್ವರ, ಯಾರು ಹೊರಗೆ ಹೋಗಿದ್ದಾರೆ, ಯಾರ ನಡುವೆ ಮಾತು ಬೆಳೆದಿದೆ ಎಂದು ಬರೆದು ಹೇಳಿ ಹೋಗಬೇಕು. ಜಗಳ ಬಿಡಿಸಲು ತಂಡದವರು ನಡುವೆ ನುಗ್ಗುವುದು ಬೇಡ. ಹಿರಿಯರನ್ನು ಎಬ್ಬಿಸಲಿ, ಕೈಮೀರಿದರೆ 112. ಗೋಡೆ ಮೇಲೆ 108, 112, 1098, 181 ದಪ್ಪಕ್ಷರದಲ್ಲಿ ಬರೆದಿಡಿ.

ತಂಡದವರಿಗೂ ಹಬ್ಬದ ರಾತ್ರಿ ಮನೆ ನೆನಪಾಗುತ್ತದೆ. ಯಾರಾದರೂ ಮೂಲೆ ಸೇರಿ ಕೂತರೆ ಕೆಲಸಕ್ಕೆ ಕರೆಯಬೇಡಿ, ಪಕ್ಕದಲ್ಲಿ ಹೋಗಿ ಕೂರಿ.

10. 27ರ ಬೆಳಿಗ್ಗೆ

ಆರು ಗಂಟೆಗೆ ಎಬ್ಬಿಸಿ ಕಳಿಸಬೇಡಿ. ಬಿಸಿನೀರಿನ ಸ್ನಾನ, ತಿಂಡಿ ಆದ ಮೇಲೆ ಹತ್ತಕ್ಕೆ ಬಾಗಿಲು ಮುಚ್ಚುತ್ತೇವೆ ಎಂದು ಹಿಂದಿನ ದಿನವೇ ಹೇಳಿ. ಕಂಬಳಿ ಅವರಿಗೇ ಇರಲಿ. ಪಾಲಿಕೆಯ ಆಶ್ರಯ ಕೇಂದ್ರಕ್ಕೆ ಹೋಗಲು ಒಪ್ಪಿದವರನ್ನು ತಂಡದವರೊಬ್ಬರು ಜೊತೆಗಿದ್ದು ಬಿಟ್ಟು ಬರಲಿ. ಚೀಟಿಯಲ್ಲಿ ವಿಳಾಸ ಬರೆದು ಕೊಟ್ಟರೆ ಯಾರೂ ಹೋಗುವುದಿಲ್ಲ.

ಆಮೇಲೆ ನಿಮ್ಮ ತಂಡ. ಅವರೂ ಆ ಬೆಳಿಗ್ಗೆ ಮತ್ತೆ ಬೀದಿಗೇ ಹೋಗಬೇಕಾ? ಇದನ್ನು ಡಿಸೆಂಬರ್ ಮೊದಲ ವಾರದಲ್ಲೇ ಕೇಳಿಕೊಳ್ಳಿ. ಮಕ್ಕಳ ಪಾಲನಾ ಸಂಸ್ಥೆಯಿಂದ ಬಂದವರಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕರೆದೊಯ್ಯಿರಿ. 18 ತುಂಬಿ ಹೊರಬಂದವರಿಗೆ ಆಫ್ಟರ್‌ಕೇರ್ ಎಂಬ ನೆರವಿಗೆ ಕಾನೂನಿನಲ್ಲೇ ಜಾಗ ಇದೆ, ಹೆಚ್ಚಿನವರಿಗೆ ಅದು ಗೊತ್ತಿರುವುದಿಲ್ಲ. ಉಳಿದವರಿಗೆ ಕೋಣೆ ಬಾಡಿಗೆಗೆ ಅಡ್ವಾನ್ಸ್ ಎಷ್ಟು ಬೇಕು, ಜಾಮೀನು ಯಾರು ನಿಲ್ಲುತ್ತೀರಿ ಎಂದು ನಿಮ್ಮ ಬಳಗದಲ್ಲಿ ಕೂತು ಮಾತಾಡಿ. ಕಂಬಳಿಗೆ ಬಂದ ದೇಣಿಗೆಯಲ್ಲಿ ಉಳಿದದ್ದನ್ನು ಕೊಟ್ಟವರ ಒಪ್ಪಿಗೆ ಪಡೆದು ಇದಕ್ಕೇ ಹಾಕಿ.

ಪ್ರತಿಯೊಬ್ಬರಿಗೂ ಒಂದು ಅನುಭವ ಪತ್ರ ಕೊಡಿ. "ಸ್ವಯಂಸೇವೆ ಮಾಡಿದ್ದಾರೆ" ಎಂಬ ಒಂದು ಸಾಲು ಸಾಲದು. ಎಷ್ಟು ಜನಕ್ಕೆ ಅಡುಗೆ ನಿಭಾಯಿಸಿದರು, ಯಾವ ಪಾಳಿ ನೋಡಿಕೊಂಡರು, ದುಡ್ಡಿನ ಲೆಕ್ಕ ಬರೆದರೇ ಎಂದು ಬಿಡಿಸಿ ಬರೆಯಿರಿ. ಹೋಟೆಲಿನಲ್ಲೋ ಹಾಸ್ಟೆಲಿನಲ್ಲೋ ಕೆಲಸ ಕೇಳಲು ಹೋದಾಗ ಮಾಲೀಕರು ನೋಡುವುದು ಇದನ್ನೇ. ಕೆಳಗೆ ನಿಮ್ಮ ಫೋನ್ ನಂಬರ್ ಹಾಕಿ, ಕರೆ ಬಂದರೆ ಎತ್ತಿ.